ಕಾಲು ಮಾತ್ರ ಬಂದ ಮದುವೆ

ಮೂಡಬಿದ್ರಿಯಲ್ಲಿ ಸುಖವಾಗಿ ಇದ್ದಿ ಅಂತ ನಾನು ನಂಬಿಕೊಂಡಿರುವ ತಂಗಿ ಮುರ್ಶಿದಾಳಿಗೆ, ಬೆಳ್ತಂಗಡಿಯಿಂದ ಅಕ್ಕ ನಬೀಸಾಳ ಸಲಾಂ.

ನಿನ್ನೆ ಬೆಳಕು ಹರಿಯುವ ಮೊದಲು ಒಂದು ಕನಸು ಬಿತ್ತು. ಕೆಟ್ಟ ಕನಸನ್ನು ಯಾರಿಗೂ ಹೇಳಬಾರದು, ಎಡಗಡೆಗೆ ಉಗುಳಿ ಮಗ್ಗುಲು ಬದಲಿಸಿ ಮಲಗಬೇಕು ಅಂತ ಉಮ್ಮ ಹೇಳ್ತಿದ್ದರು. ನಾನು ಉಗುಳಿದೆ, ಮಗ್ಗುಲೂ ಬದಲಿಸಿದೆ. ಕನಸು ಹೋಗ್ಲಿಲ್ಲ. ಅದಕ್ಕೆ ನಿನಗೇ ಬರೆದು ಕಳಿಸ್ತೇನೆ. ಕನಸಿನಲ್ಲಿ ಇದ್ದದ್ದು ನೀನೇ ಅಲ್ವಾ.

ನರಿಕೊಂಬಿನ ನಮ್ಮ ಹಳೆ ಮನೆ. ಹೊಳೆ ಕಾಣುವ ಚಾವಡಿಯಲ್ಲಿ ಉಮ್ಮನ ಮಯ್ಯತ್ತನ್ನು ಕಫನ್ ಹೊದಿಸಿ ಮಲಗಿಸಿದ್ದಾರೆ. ಜನ ಬರ್ತಾ ಇದ್ದಾರೆ. ಬಾಗಿಲಲ್ಲಿ ನೀನು ಫೋನ್ ಹಿಡಿದು ನಿಂತಿದ್ದಿ. ಬಂದವರ ಬಟ್ಟೆಗೆ ಫೋನನ್ನು ತಾಗಿಸಿ ನೋಡುವುದು, ಬಣ್ಣ ಸರಿ ಇದ್ದವರನ್ನು ಒಳಗೆ ಬಿಡುವುದು, ಇಲ್ಲದವರನ್ನು ಹಿತ್ತಿಲಿಗೆ ಕಳಿಸುವುದು. ಆಮೇಲೆ ನೀನು ಉಮ್ಮನ ಹತ್ತಿರ ಬಂದು ಕಫನಿನ ಬಟ್ಟೆಗೂ ಫೋನ್ ಹಿಡಿದಿ. "ಇದು ಆಫ್ ವೈಟ್. ನಾವು ಹೇಳಿದ್ದು ಪ್ಯೂರ್ ವೈಟ್. ಇವರನ್ನು ಸ್ವಲ್ಪ ಹಿಂದೆ ಇಡಿ" ಅಂತ ಹೇಳಿದಿ. ಉಮ್ಮ ತಾನೇ ಎದ್ದು, ಕಫನ್ ಸರಿ ಮಾಡಿಕೊಂಡು, ಹೋಗಿ ಹಿಂದೆ ನಿಂತರು. ಒಂದು ಮಾತು ಆಡ್ಲಿಲ್ಲ. ನಮ್ಮ ಉಮ್ಮ ಆಸ್ಯಮ್ಮ ಅಂದ್ರೆ ಯಾರು, ಒಂದು ಬಂಗುಡೆ ಕಡಿಮೆ ಬಿದ್ದದ್ದಕ್ಕೆ ಹೊಳೆಯ ಆಚೆ ದಡಕ್ಕೆ ಕೇಳುವ ಹಾಗೆ ಬೈದ ಹೆಂಗಸು. ಅವರು ಬಾಯಿ ಮುಚ್ಚಿಕೊಂಡು ಹಿಂದೆ ಹೋದದ್ದಕ್ಕೇ ನನಗೆ ಹೆದರಿಕೆ ಆದದ್ದು. ಎದ್ದು ಕೂತವಳು ಮತ್ತೆ ಮಲಗ್ಲಿಲ್ಲ.

ಇದನ್ನೆಲ್ಲ ವಾಯ್ಸ್ ಮಾಡಿ ಕಳಿಸಬಹುದಿತ್ತು. ಆದರೆ ನನ್ನ ವಾಯ್ಸನ್ನು ನೀನು ಸ್ಪೀಡ್ ಜಾಸ್ತಿ ಮಾಡಿ ಕೇಳುವುದು, "ನಬೀಸಾಳದ್ದು ಮುಗಿಯುವುದೇ ಇಲ್ಲ" ಅಂತ ಹೇಳುವುದು, ಇದನ್ನು ನಿನ್ನ ಮಗಳು ಅಫ್ರಾಳೇ ನಗಾಡಿಕೊಂಡು ನನಗೆ ಹೇಳಿದ್ದಾಳೆ. ಕಾಗದವನ್ನು ಸ್ಪೀಡ್ ಮಾಡ್ಲಿಕ್ಕೆ ಆಗುವುದಿಲ್ಲ. ನನ್ನ ಅಕ್ಷರ ನೋಡಿ ನಗು ಬಂದ್ರೆ ನಗು. ನನ್ನ ಶಾಲೆ ನಿಂತದ್ದು ಒಂದು ಸಲ ಅಲ್ಲ. ಮೊದಲು ನೀನು ಹುಟ್ಟಿದಾಗ ನಿಂತಿತು. ಆಮೇಲೆ ನಮ್ಮನ್ನು ಸಾಕುವ ಉಪ್ಪ ಮರದಿಂದ ಬಿದ್ದಾಗ ನಿಂತಿತು. ಏಳನೆಯಲ್ಲಿ ಮತ್ತೊಮ್ಮೆ ನಿಂತದ್ದು ಯಾಕೆ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ನಾನು ಹೋಗದೆ ಇರುವುದು ಅಷ್ಟು ಅಭ್ಯಾಸ ಆಗಿತ್ತು, ಯಾರೂ ಕೇಳ್ಲಿಲ್ಲ. ಇದನ್ನು ನಿನ್ನನ್ನು ಚುಚ್ಚಲಿಕ್ಕೆ ಬರೆದದ್ದಲ್ಲ. ಚುಚ್ಚುವುದು ಮುಂದೆ ಉಂಟು.

ವಿಷಯ ಶಹಲಾಳದ್ದು. ನನ್ನ ಮಗಳ ಓದು ನನ್ನದರ ಹಾಗೆ ನಡುವಿನಲ್ಲಿ ನಿಲ್ಲಬಾರದು, ನನ್ನ ಮಂಡೆಬಿಸಿ ಎಲ್ಲ ಇದೊಂದೇ. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ ಬಂತು, ಮೂಡಬಿದ್ರಿಯ ಕಾಲೇಜಿನಲ್ಲಿ ಬಿ.ಕಾಂ. ಸೀಟು ಸಿಕ್ಕಿತು. ಕಾಲೇಜಿನ ಗೇಟಿಗೆ ಎದುರು ನಿನ್ನ ಮನೆ. "ನಮ್ಮಲ್ಲೇ ನಿಂತು ಓದ್ಲಿ, ಮೂರು ವರ್ಷ ಎಂತ ದೊಡ್ಡದು" ಅಂತ ಹೇಳಿದ್ದು ನೀನು, ಅಫ್ರಾಳ ಮದುವೆ ಗೊತ್ತಾದ ದಿನ, ಎಲ್ಲರ ಎದುರು. ನಾನು ಕೇಳಿರ್ಲಿಲ್ಲ. ಆದರೆ ಆ ಮಾತು ಬಿದ್ದ ಮೇಲೆ ಅದನ್ನು ಬಿಡದೆ ಹಿಡಿದುಕೊಂಡೆ. ನೀನು ಮುಖ ಸಿಂಡರಿಸಿದ್ರೆ ನನ್ನ ಮಗಳ ಮೂರು ವರ್ಷ ಹೋಗ್ತದೆ ಅಂತ ಹೆದರಿ, ಅಲ್ಲಿಂದ ಮುಂದೆ ನೀನು ಹೇಳಿದ್ದಕ್ಕೆಲ್ಲ ಆಯ್ತು, ಆಯ್ತು ಅಂದೆ.

ಮೊದಲ ಆಯ್ತು ಮೆಹಂದಿಯ ಗ್ರೂಪಿಗೆ. ವಾಟ್ಸಾಪಿನಲ್ಲಿ ನೀನು ಹಾಕಿದ್ದು ಓದಿ ನಾನು ಶಹಲಾಳಿಗೆ ಮತ್ತೊಮ್ಮೆ ಓದ್ಲಿಕ್ಕೆ ಹೇಳಿದೆ. ಹೆಣ್ಣಿನ ಕಡೆಯ ಹುಡುಗಿಯರೆಲ್ಲ ಒಂದೇ ಬಣ್ಣದ ಗೌನ್ ಹಾಕಬೇಕು, ಗೌನಿನ ಅಡಿಯಲ್ಲಿ ಎಲ್ಲರೂ ಒಂದೇ ಕಂಪೆನಿಯ ಬಿಳಿ ಶೂ ಹಾಕಬೇಕು. ಮದುಮಗಳು ಸಹ ಶೂ. ಅದು ಈಗಿನ ಟ್ರೆಂಡ್ ಅಂತೆ. ಆ ಶೂವಿನ ಫೋಟೋ ನೋಡಿದೆ. ನೀರಿನಲ್ಲಿ ಬಿದ್ದು ಉಬ್ಬಿದ ಬ್ರೆಡ್ಡಿನ ಹಾಗೆ ಉಂಟು. ಒಂದು ಜೋಡಿಗೆ ಏಳು ಸಾವಿರದ ಹತ್ತಿರ. ನಿನಗೆ ಟ್ರೆಂಡ್ ಅಂದ್ರೆ ಆಯ್ತಲ್ಲ. ಹೋದ ವರ್ಷ ನಿನ್ನ ಮನೆಗೆ ಬಂದಾಗ ನೀನು ತೂತು ತೂತಿನ ರಬ್ಬರ್ ಚಪ್ಪಲಿ ಹಾಕಿಕೊಂಡಿದ್ದಿ. ಉಮ್ಮ ಕಕ್ಕಸಿಗೆ ಹೋಗುವಾಗ ಹಾಕ್ತಿದ್ದದ್ದಕ್ಕೂ ಅದಕ್ಕೂ ವ್ಯತ್ಯಾಸ ತೂತು ಮಾತ್ರ. ಆ ತೂತಿಗೆ ಸಿಕ್ಕಿಸುವ ಗೊಂಬೆಗೆ ಬೇರೆ ದುಡ್ಡು ಕೊಟ್ಟೆ ಅಂತ ಹೇಳುವಾಗ ನಿನ್ನ ಮುಖದಲ್ಲಿ ಇದ್ದ ಹೆಮ್ಮೆಯನ್ನು ನಾನು ನೀನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಸಹ ನೋಡಿರ್ಲಿಲ್ಲ. ಮೊಣಕಾಲು ಹರಿದ ಪ್ಯಾಂಟಿಗೆ ಹರಿಯದ ಪ್ಯಾಂಟಿಗಿಂತ ಹೆಚ್ಚು ದರ, ಇಬ್ಬರು ಹೊಗಬಹುದಾದ ಅಂಗಿ ಒಬ್ಬಳಿಗೆ. ನಾನು ನಿನ್ನೆದುರು ನಗ್ಲಿಲ್ಲ. ಬಸ್ಸಿನಲ್ಲಿ ನೆನಪು ಮಾಡಿ ನಕ್ಕೆ.

ಬಣ್ಣದ ಹೆಸರು ಸೇಜ್ ಗ್ರೀನ್ ಅಂತ ನೀನು ಹಾಕಿದ್ದಿ. ನೀನು ಹೇಳಿದ ಬೊಟಿಕ್ಕಿನವರು ಗೌನಿಗೆ ಹೇಳಿದ ದರ ಕೇಳಿ ನಾನು ಫೋನ್ ಕೆಳಗಿಟ್ಟು ನೀರು ಕುಡಿದೆ. "ಆಗದಿದ್ರೆ ಹೊಲಿದುಕೋ, ಆದ್ರೆ ಶೇಡ್ ಅದೇ ಇರ್ಬೇಕು, ವೀಡಿಯೋ ಹಾಳಾಗ್ತದೆ" ಅಂತ ನೀನು ಬರೆದಿ. ಬೆಳ್ತಂಗಡಿಯ ಬಟ್ಟೆ ಅಂಗಡಿಗಳನ್ನೆಲ್ಲ ಹತ್ತಿ ಇಳಿದು ಕೊನೆಗೆ ಅಶೋಕಣ್ಣನ ಅಂಗಡಿಗೆ ಹೋದೆ. "ನಬೀಸಕ್ಕ, ನನ್ನಲ್ಲಿ ಗಿಳಿ ಹಸಿರುಂಟು, ಬಾಟ್ಲಿ ಹಸಿರುಂಟು, ಪಿಸ್ತಾ ಉಂಟು. ಈ ಸೇಜ್ ಅಂದ್ರೆ ಎಂತ, ಸೊಪ್ಪಾ, ಕಾಯಿಯಾ?" ಅಂತ ಕೇಳಿದರು. ನಾನು ಫೋನನ್ನು ಒಂದೊಂದು ಥಾನಿಗೂ ಹಿಡಿದು ನೋಡಿದೆ. ಒಳಗೆ ನೋಡಿದೆ, ಬಿಸಿಲಿಗೆ ತಂದು ನೋಡಿದೆ. ಕೊನೆಗೆ ಒಂದು ಬಟ್ಟೆ ಸಿಕ್ಕಿತು, ಫೋನಿನಲ್ಲಿದ್ದದ್ದಕ್ಕೂ ಅದಕ್ಕೂ ಕೂದಲಿನಷ್ಟು ವ್ಯತ್ಯಾಸ ಇಲ್ಲ. ಆದರೂ ನನ್ನ ಸ್ವಭಾವ ಗೊತ್ತುಂಟಲ್ಲ, ಆ ದಿನ ತಗೊಳ್ಲಿಲ್ಲ. ಮಾರನೆ ದಿನ ಮತ್ತೊಮ್ಮೆ ಹೋಗಿ, ಮತ್ತೊಮ್ಮೆ ಹಿಡಿದು ನೋಡಿ ತಗೊಂಡೆ.

ನನಗೆ ಹೊಳೆಯದೆ ಇದ್ದದ್ದು ಒಂದೇ. ಶಹಲಾ ಪರೀಕ್ಷೆಗೆ ನೋಟ್ಸ್ ಓದಿದ್ದು ನನ್ನ ಫೋನಿನಲ್ಲಿ. ಅವಳ ಕಣ್ಣು ಹಾಳಾಗ್ತದೆ ಅಂತ ನನಗೆ ಹೆದರಿಕೆ. ಫೋನಿನಲ್ಲಿ ಕಣ್ಣಿಗೆ ತಂಪು ಅಂತ ಒಂದು ಉಂಟು, ಅದನ್ನು ಹಾಕಿ ಇಟ್ಟಿದ್ದೆ. ಹಾಕಿದ್ರೆ ಎಲ್ಲದಕ್ಕೂ ಸ್ವಲ್ಪ ಅರಶಿನ ಕಲಸಿದ ಹಾಗೆ ಕಾಣ್ತದೆ. ಪರೀಕ್ಷೆ ಮುಗಿಯಿತು, ಅದನ್ನು ತೆಗೆಯಲು ಮರೆಯಿತು. ನಾನು ನಿನ್ನ ಹಸಿರಿಗೆ ಸರಿ ಮಾಡಿದ್ದಲ್ಲ, ನನ್ನ ಹೆದರಿಕೆಯ ಹಸಿರಿಗೆ ಸರಿ ಮಾಡಿದ್ದು. ಅಷ್ಟು ಸಲ ನೋಡಿದ್ದೂ ಅದೇ ತಪ್ಪನ್ನೇ.

ಶೂ ಮಾತ್ರ ನೀನು ಹೇಳಿದ್ದೇ ತಗೊಂಡೆ. ಅದರಲ್ಲಿ ಡೂಪ್ಲಿಕೇಟ್ ಬೇಡ, ಹತ್ತಿರದಿಂದ ತೆಗೆಯುವಾಗ ಗೊತ್ತಾಗ್ತದೆ ಅಂತ ನೀನು ಎರಡು ಸಲ ಬರೆದಿದ್ದಿ. ನನ್ನ ಗಂಡನ ಗುಜರಿ ಅಂಗಡಿಯಲ್ಲಿ ದರ ಏರಲಿ ಅಂತ ಕಟ್ಟಿ ಇಟ್ಟಿದ್ದ ತಾಮ್ರ ಇತ್ತು. ಅದು ಇಳಿದ ದರಕ್ಕೆ ಹೋಯಿತು. ಮೂಡಬಿದ್ರಿಯ ಅಂಗಡಿಯಲ್ಲಿ ಶಹಲಾಳ ಅಳತೆಯದ್ದು ಮುಗಿದಿತ್ತು, ಒಂದು ನಂಬರ್ ಸಣ್ಣದು ಉಳಿದಿತ್ತು. "ಹಾಕಿ ಹಾಕಿ ಲೂಸ್ ಆಗ್ತದೆ ಆಂಟಿ" ಅಂತ ಅಲ್ಲಿಯ ಹುಡುಗಿ. ಇಷ್ಟು ದರ ಕೊಟ್ಟದ್ದು ಲೂಸ್ ಆಗಿಯೇ ಆಗ್ತದೆ ಅಂತ ನಾನು ಸಹ ನಂಬಿದೆ. ಮೆಹಂದಿಯ ದಿನ ಶಹಲಾಳ ಹಿಮ್ಮಡಿ ಒಳಗೆ ಹೋಗ್ಲಿಲ್ಲ. ಚಮಚದ ಹಿಡಿ ಕೊಟ್ಟು ನೂಕಿದೆ. "ಬೆರಳು ಮಡಚಿಕೋ, ಒಂದು ಸಂಜೆಯ ವಿಷಯ, ಆಮೇಲೆ ಮೂರು ವರ್ಷ ಆರಾಮ" ಅಂತ ಹೇಳಿದೆ. ಅವಳು ಮಡಚಿಕೊಂಡಳು.

ಬಿ.ಸಿ.ರೋಡಿನ ಆ ಮದುವೆ ಹಾಲ್‌ನ ಬೆಳಕಿನಲ್ಲಿ ನಿನ್ನ ಕಡೆಯವರದ್ದೆಲ್ಲ ಬೂದಿ ಕಲಸಿದ ಹಸಿರು. ನನ್ನ ಮಗಳದ್ದು ಉಪ್ಪಿಗೆ ಹಾಕಿ ಹದಿನೈದು ದಿನ ಆದ ಮಾವಿನಕಾಯಿಯ ಹಸಿರು. ಬಾಗಿಲಿನಿಂದಲೇ ಗೊತ್ತಾಯಿತು. ಶಹಲಾ ನನ್ನ ಮುಖ ನೋಡಿದಳು, ನಾನು ಫೋನ್ ತೆಗೆದು ನೋಡಿದೆ, ಆ ಹೊತ್ತಿಗೂ ಫೋನಿನಲ್ಲಿ ಸರಿಯಾಗಿಯೇ ಇತ್ತು. ವೀಡಿಯೋದವನು ಎಲ್ಲರನ್ನೂ ನಿಲ್ಲಿಸಿ ನೋಡಿ, "ಆ ಹುಡುಗಿಯನ್ನು ಸ್ವಲ್ಪ ಆಚೆ ಮಾಡಿ ಮೇಡಂ, ಕಣ್ಣು ಅಲ್ಲಿಗೇ ಹೋಗ್ತದೆ" ಅಂತ ನಿನಗೆ ಹೇಳಿದ. ಅವನಿಗೆ ಅದು ಕೆಲಸ, ಅವನನ್ನು ನಾನು ಬೈಯುವುದಿಲ್ಲ. ಅವಳು ನನ್ನ ಅಕ್ಕನ ಮಗಳು, ಇರಲಿ ಅಂತ ನೀನು ಹೇಳಬಹುದಿತ್ತು. ನೀನು ಶಹಲಾಳ ಭುಜ ಹಿಡಿದು, "ನೀನು ಸೋಫಾದ ಹಿಂದೆ ಕೂತ್ಕೋ ಮಗಾ, ಅಫ್ರಾಳ ಗೌನ್ ಸರಿ ಮಾಡ್ಲಿಕ್ಕೆ ಅಲ್ಲಿ ಒಬ್ಬಳು ಬೇಕು" ಅಂದಿ. ಮಗಾ ಅಂತ ಹೇಳದೆ ಇದ್ದಿದ್ರೆ ನನಗೆ ಇಷ್ಟು ಉರಿಯುತ್ತಿರ್ಲಿಲ್ಲ.

ಅಲ್ಲಿ ಹಿಂದೆ ಎಂತ ಆಯಿತು ಅಂತ ನಿನಗೆ ಗೊತ್ತಿಲ್ಲ. ನನಗೆ ಸಹ ಆಮೇಲೆ, ಅವಳ ಬೆರಳಿಗೆ ಮದ್ದು ಹಾಕುವಾಗ ಗೊತ್ತಾದದ್ದು. ಅಫ್ರಾಳ ಕಾಲು ಆ ಶೂವಿನಲ್ಲಿ ಬೆಂದು ಊದಿತ್ತಂತೆ. ಫೋಟೋ ಇಲ್ಲದಾಗ ಅವಳು ಸೋಫಾದ ಅಡಿಗೆ ಕಾಲು ಚಾಚುವುದು, ಶಹಲಾ ಶೂ ತೆಗೆಯುವುದು. ಫೋಟೋ ಅಂದ ಕೂಡಲೆ ಕಾಲು ಚಾಚುವುದು, ಶಹಲಾ ಹಾಕಿ ಲೇಸ್ ಕಟ್ಟುವುದು. ಇದು ಎಷ್ಟು ಹೊತ್ತು ಅಂತ ಕೇಳಿದೆ. "ನೀವು ಬಿರಿಯಾನಿ ತಿಂದು ಬರುವವರೆಗೆ" ಅಂದಳು. ಒಮ್ಮೆ ಅಫ್ರಾ ಬಗ್ಗಿ, "ನಿನ್ನದು ಸಹ ನೋಯ್ತದಾ?" ಅಂತ ಕೇಳಿದಳಂತೆ. ಇವಳು ಹೌದು ಅಂದದ್ದಕ್ಕೆ, "ಹಾಗಾದ್ರೆ ಒರಿಜಿನಲ್ಲೇ" ಅಂತ ನಕ್ಕಳಂತೆ. ನಿನ್ನ ಮಗಳಿಗೆ ತಮಾಷೆ ಬರ್ತದೆ ಅಂತ ನನಗೆ ಗೊತ್ತಿರ್ಲಿಲ್ಲ.

ಒಂದು ಸಲ ಮಾತ್ರ ಶಹಲಾಳನ್ನು ಮುಂದೆ ಕರೆದರು. ಬರೀ ಕಾಲುಗಳ ವೀಡಿಯೋ ಅಂತೆ. ಹುಡುಗಿಯರೆಲ್ಲ ಸಾಲಾಗಿ ನಿಂತು ಗೌನ್ ಸ್ವಲ್ಪ ಎತ್ತಿ ಶೂ ಕುಣಿಸಬೇಕು. ಯಾವಳೋ ಒಬ್ಬಳ ಶೂ ಬಂದಿರ್ಲಿಲ್ಲ, ಸಾಲಿನಲ್ಲಿ ಜಾಗ ಖಾಲಿ ಇತ್ತು. "ಆ ಹಿಂದಿನವಳನ್ನು ಕರೀರಿ, ಅವಳ ಶೂ ಕರೆಕ್ಟ್ ಉಂಟು" ಅಂತ ಹೇಳಿದ್ದು ನೀನು. ನನ್ನ ಮಗಳು ಓಡಿ ಬಂದಳು ಮುರ್ಶಿದಾ. ನಾನು ಊಟದ ಕಡೆಯಿಂದ ಬರುವಾಗ ನೋಡಿದೆ, ಆ ಕಾಲಿನಲ್ಲಿ ಓಡಿ ಬಂದಳು. ಮುಖದಲ್ಲಿ ನಗು ಇತ್ತು. ತನ್ನನ್ನು ಕರೆದರಲ್ಲ ಅಂತ. ಶೂ ಕುಣಿಸಿ ಆದ ಮೇಲೆ ವೀಡಿಯೋದವನು "ಈಗ ಫೇಸ್" ಅಂದ. ನೀನು ಕೈಯಲ್ಲಿ ಸನ್ನೆ ಮಾಡಿದಿ, ಕೋಳಿಯನ್ನು ಜಗಲಿಯಿಂದ ಇಳಿಸುವಾಗ ಮಾಡ್ತೇವಲ್ಲ, ಹಾಗೆ. ಅವಳು ಇಳಿದಳು. ಅಕ್ಕಪಕ್ಕದ ಇಬ್ಬರು ಹತ್ತಿರ ಹತ್ತಿರ ನಿಂತು ಜಾಗ ಮುಚ್ಚಿದರು.

ನಿನ್ನ ಗಂಡ ನವಾಝ್‌ಗೂ ನೀನು ಆ ಶೂ ಹಾಕಿಸಿದ್ದಿ. ಗಲ್ಫಿನ ಅಂಗಡಿಯಲ್ಲಿ ಇಡೀ ದಿನ ನಿಂತು ನಿಂತು ಅವನ ಹಿಮ್ಮಡಿ ಒಡೆದು ಗದ್ದೆಯ ಹಾಗೆ ಆಗಿದೆ, ನೀನು ನೋಡಿದ್ದಿಯಾ ಇಲ್ವಾ ಗೊತ್ತಿಲ್ಲ. ಅವನು ನನ್ನ ಗಂಡ ನಾಸಿರ್ ಪಕ್ಕದಲ್ಲಿ ಕೂತು ಮೇಜಿನ ಅಡಿಯಲ್ಲಿ ಶೂ ಕಳಚಿ ಉಸಿರು ಬಿಟ್ಟ. "ನಾಸಿರಾಕ, ಇದನ್ನು ಗುಜರಿಗೆ ಹಾಕಿದ್ರೆ ಎಷ್ಟು ಕೊಡ್ತೀರಿ?" ಅಂತ ಕೇಳಿದ. ಇವರು ಶೂ ಎತ್ತಿ ತೂಕ ನೋಡಿ, "ಇದು ರಬ್ಬರೂ ಅಲ್ಲ, ಚರ್ಮವೂ ಅಲ್ಲ, ತಗಡೂ ಅಲ್ಲ. ಎಸೆಯಲಿಕ್ಕೆ ನೀವೇ ನನಗೆ ಕೊಡ್ಬೇಕಾಗ್ತದೆ" ಅಂದರು. ಇಬ್ಬರೂ ನಗಾಡಿದರು. ನೀನು ದೂರದಿಂದ ಕಣ್ಣು ಬಿಟ್ಟಿ, ನವಾಝ್ ನಗು ನಿಲ್ಲಿಸಿ ಕಾಲು ಮತ್ತೆ ಒಳಗೆ ತುರುಕಿದ. ಗಲ್ಫಿಗೆ ವಾಪಸು ಹೋಗುವ ವಾರದಲ್ಲಿ ಸಹ ಅವನಿಗೆ ಕಾಲು ಬಿಡಿಸಿ ಕೂತುಕೊಳ್ಳಲು ನೀನು ಬಿಡ್ಲಿಲ್ಲ.

ಇನ್ನು ಸುಂದರಿಯಕ್ಕ. ಇದನ್ನು ಬರೆಯಬೇಕಾ ಬೇಡವಾ ಅಂತ ಯೋಚನೆ ಮಾಡಿ ಮಾಡಿ ಕಾಗದವನ್ನು ಅರ್ಧ ದಿನ ಹಾಗೆಯೇ ಇಟ್ಟಿದ್ದೆ. ನರಿಕೊಂಬಿನಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯವರು. ನಿನ್ನ ನಿಕಾಹ್‌ಗೆ ಉಪ್ಪನ ಹತ್ತಿರ ಒಳ್ಳೆ ಸೀರೆ ತರುವ ಶಕ್ತಿ ಇರ್ಲಿಲ್ಲ. ಸುಂದರಿಯಕ್ಕ ತನ್ನ ಮದುವೆಯ ನೇರಳೆ ಬಣ್ಣದ ರೇಷ್ಮೆಯ ಪಟ್ಟೆ ಸೀರೆಯನ್ನು ಪೇಪರಿನಲ್ಲಿ ಸುತ್ತಿ, ಯಾರಿಗೂ ಕಾಣದ ಹಾಗೆ ಹಿಂದಿನ ಬಾಗಿಲಿನಿಂದ ತಂದು ಉಮ್ಮನ ಕೈಯಲ್ಲಿ ಕೊಟ್ಟರು. ನಿನಗೆ ಹೆದರಿಕೆ, ಯಾರಾದ್ರೂ ಗುರುತು ಹಿಡಿದ್ರೆ ಎಂತ ಮಾಡುವುದು ಅಂತ. ಮದುವೆಯ ದಿನ ಅವರು ನೂಲಿನ ಸೀರೆ ಉಟ್ಟು ಬಂದು, ನಿನ್ನ ಮೈಮೇಲೆ ತನ್ನ ಸೀರೆ ಇರುವುದನ್ನು ನೋಡಿ, ಊರಿನವರ ಎದುರು, "ಯಾವ ಅಂಗಡಿಯದ್ದು ಮುರ್ಶಿದಾ, ಭಾರೀ ಚಂದ ಉಂಟು" ಅಂತ ಕೇಳಿದರು. ಅಂಥ ಹೆಂಗಸು. ಅವರಿಗೆ ಅಫ್ರಾಳ ಮದುವೆಗೆ ಹೇಳಿದ್ದು ನಾನು, ನಿನ್ನ ಹತ್ತಿರ ಕೇಳದೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದರು. ಅಫ್ರಾಳ ಅತ್ತೆ "ಇವರು ಯಾರು?" ಅಂತ ಕೇಳಿದ್ದಕ್ಕೆ ನೀನು ಅವರ ಕಾಲು ನೋಡಿದಿ, ಆಮೇಲೆ "ನಮ್ಮ ಹಳೆ ಮನೆಗೆ ಕೆಲಸಕ್ಕೆ ಬರ್ತಿದ್ದವರು" ಅಂದಿ.

ಅವರಿಗೆ ಕೇಳಿತು. ಕೈಯಳತೆಯಲ್ಲಿ ನಿಂತಿದ್ದರು. ಊಟ ಮಾಡಿದರು, ಅಫ್ರಾಳ ಕೈಗೆ ಲಕೋಟೆ ಕೊಟ್ಟರು. ವಾಪಸು ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನಾನು ಅತ್ತೆ. ಅವರು, "ಅಳುವುದೆಂತಕ್ಕೆ ನಬೀಸಾ, ಅವಳಿಗೆ ಆ ಸೀರೆಯ ನೆನಪು ಚೆನ್ನಾಗಿ ಉಂಟು. ಮರೆತಿದ್ರೆ ಪಕ್ಕದ ಮನೆಯವರು ಅಂತ ಹೇಳ್ತಿದ್ದಳು" ಅಂದರು. ಆಮೇಲೆ ನರಿಕೊಂಬಿನ ರಿಕ್ಷಾ ಹತ್ತಿ ಹೋದರು. ಈ ಮಾತನ್ನು ನಿನಗೆ ತಲುಪಿಸು ಅಂತ ಅವರು ಹೇಳ್ಲಿಲ್ಲ. ನಾನೇ ತಲುಪಿಸ್ತಾ ಇದ್ದೇನೆ. ರಾತ್ರಿ ನಿದ್ದೆ ಬರದೆ ಇರಬೇಕಾದದ್ದು ನನಗೊಬ್ಬಳಿಗೆ ಅಲ್ಲ.

ಇಷ್ಟೆಲ್ಲ ಆದ ಮೇಲೂ ನಾನು ಸುಮ್ಮನೆ ಇದ್ದೆ, ಗೊತ್ತುಂಟಾ. ಶಹಲಾಳ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿತ್ತು, ನಾನು ಸುಮ್ಮನೆ. ಅವಳು ಮನೆಯಲ್ಲಿ ಮಾತು ಕಡಿಮೆ ಮಾಡಿದಳು, ನಾನು ಕಾಲೇಜು ಸುರು ಆಗ್ಲಿ, ಸರಿ ಆಗ್ತಾಳೆ ಅಂತ ಸುಮ್ಮನೆ. ಹೋದ ವಾರ ನಿನ್ನ ವಾಯ್ಸ್ ಬಂತು. "ನಬೀಸಾ, ಶಹಲಾ ಬರ್ಲಿ, ನಾನು ಬೇಡ ಅಂತ ಹೇಳುವುದಿಲ್ಲ. ಆದ್ರೆ ನಾಲ್ಕೈದು ಒಳ್ಳೆ ಡ್ರೆಸ್ ತಗೊಂಡು ಬರ್ಲಿಕ್ಕೆ ಹೇಳು, ನೀನು ಹೊಲಿದದ್ದು ಬೇಡ. ಅಫ್ರಾಳ ಅತ್ತೆ ಮನೆಯವರು ಬಂದು ಹೋಗಿ ಮಾಡ್ತಾರೆ. ಆ ಶೂ ಉಂಟಲ್ಲ, ಅದನ್ನೇ ಹಾಕ್ಲಿ. ಇಲ್ಲದಿದ್ರೆ ಯಾರಾದ್ರೂ ಬಂದಾಗ ಹಿಂದಿನ ರೂಮಲ್ಲಿ ಇದ್ರೆ ಆಯ್ತು." ಅದರ ಹಿಂದೆಯೇ ಆ ಕಾಲುಗಳ ವೀಡಿಯೋ ಕಳಿಸಿ, "ನೋಡು, ಶಹಲಾಳ ಕಾಲು ಎಷ್ಟು ಚಂದ ಬಂದಿದೆ" ಅಂತ ಬರೆದು, ಒಂದು ನಗುವ ಮುಖ ಹಾಕಿದ್ದಿ.

ನಾನು ನೋಡಿದೆ. ಬಿಳಿ ಶೂಗಳು ಸಾಲಾಗಿ ಕುಣಿಯುತ್ತವೆ, ಅದರಲ್ಲಿ ಎಡಗಡೆಯಿಂದ ಮೂರನೆಯದ್ದು ನನ್ನ ಮಗಳದ್ದು. ಹೆಬ್ಬೆರಳು ಮಡಚಿದ ಕಡೆ ಶೂ ಸ್ವಲ್ಪ ಉಬ್ಬಿದೆ, ನನಗೆ ಮಾತ್ರ ಕಾಣ್ತದೆ. ವೀಡಿಯೋ ಮೇಲೆ ಹೋಗ್ತದೆ, ಮುಖಗಳು ಬರ್ತವೆ, ಅವಳ ಮುಖ ಬರುವುದಿಲ್ಲ. ನಿನ್ನ ಮಗಳ ಮದುವೆಗೆ ನನ್ನ ಮಗಳ ಕಾಲು ಮಾತ್ರ ಬಂದದ್ದು. ಕಾಲಿನಿಂದ ಮೇಲಿನದ್ದೆಲ್ಲ ನೀವು ಕರೆಯದೆ ಬಂದದ್ದು ಅಂತ ಲೆಕ್ಕ.

ಈಗ ನಿನಗೆ ಒಂದು ಮಾತು ಹೇಳ್ತೇನೆ, ಇದನ್ನು ಬೇರೆ ಯಾರೂ ಹೇಳುವುದಿಲ್ಲ, ಎಲ್ಲರಿಗೂ ನಿನ್ನಿಂದ ಏನಾದ್ರೂ ಬೇಕಾಗಿ ಉಂಟು. ನಿನಗೆ ಆ ಬಟ್ಟೆ ಚಂದ ಕಾಣುವುದಿಲ್ಲ. ಆ ಶೂವೂ ಚಂದ ಕಾಣುವುದಿಲ್ಲ. ಸ್ಟೇಜಿಗೆ ಹತ್ತುವಾಗ ನೀನು ಬಟ್ಟೆ ಅಂಗಡಿಯವರು ಬಾಗಿಲು ಹಾಕುವ ಹೊತ್ತಿಗೆ ಒಳಗೆ ಎತ್ತಿಕೊಂಡು ಹೋಗುವ ಗೊಂಬೆಯ ಹಾಗೆ ಇದ್ದಿ, ಕೈಕಾಲು ಬೇರೆ ಬೇರೆ ಕಡೆಗೆ. ಊಟದ ಸಾಲಿನಲ್ಲಿ ನಿನ್ನ ನಾದಿನಿಯರೇ ನಿನ್ನ ನಡಿಗೆ ಮಾಡಿ ತೋರಿಸಿ ನಗ್ತಿದ್ದರು. ನಾನು ತಡೆಯಲಿಲ್ಲ, ನಾನೂ ನಕ್ಕೆ. ನೀನು ಕೊಟ್ಟ ದುಡ್ಡು ಚಂದಕ್ಕೆ ಕೊಟ್ಟದ್ದಲ್ಲ, ನಾವು ಆ ನರಿಕೊಂಬಿನವರಲ್ಲ ಅಂತ ಬರೆಸಿಕೊಳ್ಳಲು ಕೊಟ್ಟದ್ದು. ಮುಂದಿನ ವರ್ಷ ಈ ಹಸಿರು ಹೋಗಿ ಬೇರೆ ಬಣ್ಣ ಬರ್ತದೆ. ಆಗ ನೀನು ಮತ್ತೆ ಮೊದಲಿನಿಂದ ಬರೆಸಬೇಕು. ಸಾಯುವವರೆಗೆ ಬರೆಸ್ತಾ ಇರ್ಬೇಕು, ಪಾಪ. ಅದರ ನಡುವೆ ಒಂದು ಹುಡುಗಿಯ ಉಗುರು ಬಿದ್ರೆ ನಿನಗೆ ಎಲ್ಲಿ ಕಾಣ್ತದೆ.

ಶಹಲಾ ನಿನ್ನ ವಾಯ್ಸನ್ನು ಪೂರ್ತಿ ಕೇಳಿದಳು, ಸ್ಪೀಡ್ ಮಾಡದೆ. ಕೇಳಿ ಫೋನ್ ನನ್ನ ಕೈಗೆ ಕೊಟ್ಟು ಹೇಳಿದ್ದು ಇಷ್ಟು: "ಉಮ್ಮಾ, ನಾನು ಕಾಲೇಜಿಗೆ ಹೋಗ್ತೇನೆ. ಆ ಮನೆಗೆ ಹೋಗುವುದಿಲ್ಲ. ಆ ಮನೆಗೆ ಹೋಗದೆ ಕಾಲೇಜು ಆಗುವುದಿಲ್ಲ ಅಂತ ಆದ್ರೆ ಬಾಪನ ಗುಜರಿಯಲ್ಲಿ ತಕ್ಕಡಿ ಹಿಡಿದು ಕೂತ್ಕೊಳ್ತೇನೆ." ಬಾಯಿ ಜೋರು ಅಂತ ಬೈದೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿ ನಿಂತೆ. ನನ್ನ ಶಾಲೆ ನಿಂತದ್ದು ಹೀಗೆಯೇ, ಯಾರೂ ನಿಲ್ಲಿಸಿದ್ದಲ್ಲ. ಒಂದು ದಿನ ಹೋಗುವುದಿಲ್ಲ ಅಂತ ಆಯಿತು, ಅಷ್ಟೆ.

ಹಾಸ್ಟೆಲಿಗೆ ಕೇಳಿದೆವು, ತುಂಬಿದೆ ಅಂದರು. ಇನ್ನು ಉಳಿದದ್ದು ಬಸ್ಸು. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾಟಿ ಮೂಡಬಿದ್ರಿಗೆ ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ ನಾನೇ ಒಂದು ದಿನ ಹೋಗಿ ನೋಡಿ ಬಂದೆ, ನಿನ್ನ ಮನೆಗೆ ಬರ್ಲಿಲ್ಲ, ರಸ್ತೆಯ ಈಚೆಯಿಂದಲೇ ತಿರುಗಿದೆ. ಬಸ್ಸು ಬಿಡುವಾಗ ತಡ ಮಾಡ್ತಾನೆ, ವೇಣೂರಿನಲ್ಲಿ ಚಾ ಕುಡಿಯಲು ನಿಲ್ಲಿಸ್ತಾನೆ. ಕಂಡಕ್ಟರ್ ಹತ್ತಿರ ಕೇಳಿದೆ, "ಒಂಬತ್ತಕ್ಕೆ ಗ್ಯಾರಂಟಿ ಇಲ್ಲಕ್ಕ, ಒಂಬತ್ತೂ ಕಾಲಿಗೆ ಗ್ಯಾರಂಟಿ" ಅಂದ. ಕಾಲೇಜಿನ ಗೇಟ್ ಒಂಬತ್ತಕ್ಕೆ ಮುಚ್ಚುತ್ತಾರೆ, ಆಮೇಲೆ ಬಂದವರನ್ನು ಹಿಂದೆ ಕಳಿಸ್ತಾರೆ ಅಂತ ನೀನು ಒಮ್ಮೆ ಹೇಳಿದ್ದಿ. ನಾನು ಹೋದದ್ದು ರಜೆಯ ದಿನ, ಗೇಟಿನಲ್ಲಿ ಕೇಳ್ಲಿಕ್ಕೆ ಯಾರೂ ಇರ್ಲಿಲ್ಲ. ಆಫೀಸಿಗೆ ಫೋನ್ ಮಾಡಿದ್ರೆ ಎತ್ತುವುದಿಲ್ಲ, ಎತ್ತಿದವಳು ಒಮ್ಮೆ ಒಂಬತ್ತು ಅಂದಳು, ಒಮ್ಮೆ ಒಂಬತ್ತೂವರೆ ಅಂದಳು.

ಒಂಬತ್ತೂವರೆ ಆದ್ರೆ ನನ್ನ ಮಗಳು ಬಸ್ಸಿನಲ್ಲಿ ಹೋಗಿ ಬರ್ತಾಳೆ, ಚಪ್ಪಲಿ ಹಾಕಿಕೊಂಡು, ನಾನು ಹೊಲಿದದ್ದನ್ನೇ ಹಾಕಿಕೊಂಡು. ನೀನು ನಿನ್ನ ಜಗಲಿಯಿಂದ ಅವಳನ್ನು ನೋಡಬಹುದು, ಮುಖ ಸಹ ಕಾಣ್ತದೆ. ಒಂಬತ್ತೇ ಅಂತ ಆದ್ರೆ ಎರಡೇ ದಾರಿ. ಒಂದೋ ಅವಳು ತಕ್ಕಡಿ ಹಿಡಿದು ಕೂತುಕೊಳ್ಬೇಕು. ಇಲ್ಲದಿದ್ರೆ ನಾನು ಅವಳ ಕೈಕಾಲು ಹಿಡಿದು ಒಪ್ಪಿಸಿ, ಈ ಕಾಗದದಲ್ಲಿ ಬರೆದದ್ದನ್ನೆಲ್ಲ ನುಂಗಿ, ನಾಲ್ಕೈದು ಒಳ್ಳೆ ಡ್ರೆಸ್ ತಗೊಂಡು, ನಿನ್ನ ಗೇಟಿನ ಎದುರು ಅವಳನ್ನು ತಂದು ನಿಲ್ಲಿಸಬೇಕು. ನಾನು ನಿಲ್ಲಿಸ್ತೇನೆ. ನೀನು ಹಿಂದಿನ ರೂಮು ಅಂದ್ರೆ ಹಿಂದಿನ ರೂಮು ಅಂತ ಹೇಳ್ತೇನೆ. ಅಷ್ಟು ನಾಚಿಕೆಗೆಟ್ಟವಳು ನಾನು, ನಿನಗೆ ಗೊತ್ತಿರಲಿ. ಅದಕ್ಕೇ ಇದನ್ನೆಲ್ಲ ಈಗಲೇ ಬರೆದು ಮುಗಿಸಿದ್ದು. ಆಮೇಲೆ ಬಾಯಿ ಬಿಡ್ಲಿಕ್ಕೆ ಆಗುವುದಿಲ್ಲ.

ಅಫ್ರಾ ಗಂಡನ ಮನೆಯಲ್ಲಿ ಸುಖವಾಗಿ ಇರಲಿ. ನವಾಝ್ ಇನ್ನು ಅಲ್ಲಿ ದುಡಿದದ್ದು ಸಾಕು, ಆರೋಗ್ಯದಲ್ಲಿ ವಾಪಸು ಬರಲಿ. ನಿನಗೂ ಅಲ್ಲಾಹು ಒಳ್ಳೆಯದು ಮಾಡಲಿ. ಇದನ್ನು ಬರೆಯುವಾಗ ಹಲ್ಲು ಕಚ್ಚಿಕೊಂಡಿದ್ದೇನೆ, ಆದರೂ ದುವಾ ದುವಾವೇ.

ನಿನ್ನ ಅಕ್ಕ ಅಲ್ಲ ಅಂತ ಹೇಳಿಕೊಳ್ಳಲು ಆಗದ,
ನಬೀಸಾ

ಮುರ್ಶಿದಾ, ಗೇಟಿನ ಹೊತ್ತನ್ನು ಇನ್ನೊಮ್ಮೆ ನೋಡಿ ಹೇಳು. ಯಾರ ಹತ್ತಿರವೂ ಕೇಳ್ಬೇಡ. ಕ್ಲಾಸ್ ಇರುವ ದಿನ ಜಗಲಿಯಲ್ಲಿ ನಿಂತು, ತಡವಾಗಿ ಓಡಿ ಬಂದ ಒಬ್ಬಳನ್ನು ಅವರು ಒಳಗೆ ಬಿಡ್ತಾರಾ ಇಲ್ವಾ, ನೀನೇ ಕಣ್ಣಾರೆ ನೋಡಿ ಹೇಳು.